ಹಳೆ ಓಲ್ಡ್ಸ್‌ಮೊಬೈಲ್ ಕಾರನ್ನು ಬಣ್ಣದ ಗಾಜಿನಲ್ಲಿ ಕೂರಿಸುವುದು ಹೇಗೆ?

ವೆಟರನ್ ಕಾರು ಅಂದರೆ ಸುಮ್ನೆ ಯಾವುದೋ ಹಳೆ ಕಾರು ಅಲ್ಲ. ಕಟ್ಟುನಿಟ್ಟಾಗಿ ಹೇಳುವುದಾದರೆ 1904ರ ಕೊನೆಯೊಳಗೆ ತಯಾರಾದ ಕಾರುಗಳಿಗೆ ಮಾತ್ರ ಆ ಹೆಸರು. ಲಂಡನ್‌ನಿಂದ ಬ್ರೈಟನ್‌ಗೆ ಪ್ರತಿ ನವೆಂಬರ್‌ನಲ್ಲಿ ನಡೆಯುವ ವೆಟರನ್ ಕಾರುಗಳ ಓಟಕ್ಕೂ ಇದೇ ಲೆಕ್ಕ. 1896ರ ನವೆಂಬರ್ 14ರಂದು ಬ್ರಿಟನ್‌ನಲ್ಲಿ ವೇಗದ ಮಿತಿ ಗಂಟೆಗೆ 14 ಮೈಲಿಗೆ ಏರಿತು. ಆ ಖುಷಿಗೆ ಅಲ್ಲಿನ ಕಾರಿನವರು ಅವತ್ತು ಬ್ರೈಟನ್‌ಗೆ ಗಾಡಿ ಬಿಟ್ಟಿದ್ದರು. ಈಗಿನ ಓಟ ಅದರ ನೆನಪಿಗೆ.

ಆ ಕಾಲದ ಕಾರುಗಳು ಬಣ್ಣದ ಗಾಜಿಗೆ ಹೇಳಿ ಮಾಡಿಸಿದ ಹಾಗಿವೆ. ಈಗಿನ ಕಾರಿನ ಅಂದವೆಲ್ಲ ಬಾಗಿದ ತಗಡಿನ ಹೊಳಪಿನಲ್ಲಿದೆ. ಗಾಜಿಗೆ ಅದು ಸಿಗುವುದಿಲ್ಲ. ಹಳೆ ಕಾರಿನಲ್ಲಿ ಚಕ್ರ, ಕಡ್ಡಿ, ಸ್ಪ್ರಿಂಗು, ದೀಪ ಎಲ್ಲ ಹೊರಗೇ ಕಾಣುತ್ತವೆ. ಎಲ್ಲವೂ ಗೆರೆಗಳು. ಬಣ್ಣದ ಗಾಜಿನ ಕೆಲಸವೂ ಗೆರೆಗಳ ಕೆಲಸವೇ ಅಲ್ವಾ. ಪ್ರತಿ ತುಂಡಿನ ಸುತ್ತ ಒಂದು ಕಪ್ಪು ಗೆರೆ ಇದ್ದೇ ಇರುತ್ತದೆ. ಆ ಗೆರೆಯನ್ನು ಕಾರಿನ ಗೆರೆಯಾಗಿ ಬಳಸಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಇದೆಲ್ಲ ತೀರ್ಮಾನವಾಗುವುದು ಕಾಗದದ ಮೇಲೆ. ಅದಕ್ಕೇ ಈ ಬರಹದಲ್ಲಿ ನಕ್ಷೆಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಯಾವ ಕಾರು, ಎಂಥ ಫೋಟೊ

ಮೊದಲ ಪ್ಯಾನೆಲ್‌ಗೆ, ಅಂದರೆ ಕಿಟಕಿಗೆ ತೂಗುಹಾಕುವ ಬಣ್ಣದ ಗಾಜಿನ ಫಲಕಕ್ಕೆ, ನನ್ನ ಆಯ್ಕೆ ಅಮೆರಿಕದ ಕರ್ವ್ಡ್ ಡ್ಯಾಶ್ ಓಲ್ಡ್ಸ್‌ಮೊಬೈಲ್. ರ‍್ಯಾನ್ಸಮ್ ಓಲ್ಡ್ಸ್ ಅವರ ಕಂಪನಿ 1901ರಿಂದ 1907ರವರೆಗೆ ಇದನ್ನು ತಯಾರಿಸಿತು. ಬೆಲೆ 650 ಡಾಲರ್. ಸಾವಿರಾರು ಲೆಕ್ಕದಲ್ಲಿ ತಯಾರಾದ ಮೊದಲ ಕಾರುಗಳಲ್ಲಿ ಇದೂ ಒಂದು. ಹಾಗಾಗಿ ಉಳಿದುಕೊಂಡಿರುವ ಕಾರುಗಳೂ ಫೋಟೊಗಳೂ ಬೇಕಾದಷ್ಟಿವೆ. 1904ರ ಒಳಗಿನದನ್ನೇ ಆರಿಸಿಕೊಳ್ಳಿ.

ಗಾಜಿನ ಕೆಲಸದ ಕಣ್ಣಿನಿಂದ ನೋಡಿದರೆ ಈ ಕಾರಿನಲ್ಲಿ ಮೂರು ಅನುಕೂಲಗಳಿವೆ. ಒಂದೇ ಸಿಲಿಂಡರಿನ ಎಂಜಿನ್ ಸೀಟಿನ ಕೆಳಗಿದೆ, ಹಾಗಾಗಿ ಬಾನೆಟ್ ಇಲ್ಲ. ಮುಂದಿನ ಹಲಗೆ ಕಾಲ ಬಳಿಯಿಂದ ಮೇಲೆದ್ದು ಹಿಂದಕ್ಕೆ ಸುರುಳಿಯಾಗಿ ಬಾಗುತ್ತದೆ. ಆ ಒಂದು ಬಾಗು ಕಂಡರೆ ಸಾಕು, ತಿಳಿದವರು ಕಾರಿನ ಹೆಸರು ಹೇಳಿಬಿಡುತ್ತಾರೆ. ಮೂರನೆಯದು ನಮಗೆ ತುಂಬಾ ಮುಖ್ಯ: ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ವರೆಗೆ ಉದ್ದಕ್ಕೂ ಲೀಫ್ ಸ್ಪ್ರಿಂಗ್ ಚಾಚಿಕೊಂಡಿದೆ. ಎರಡು ಚಕ್ರಗಳನ್ನು ಜೋಡಿಸುವ ಗೆರೆ ಕಾರಿನಲ್ಲೇ ಸಿದ್ಧವಾಗಿ ಸಿಕ್ಕಿತು.

ಫೋಟೊ ನೇರ ಪಕ್ಕದಿಂದ ತೆಗೆದದ್ದಾಗಿರಲಿ. ಓರೆ ಕೋನದ ಫೋಟೊದಲ್ಲಿ ಚಕ್ರ ಮೊಟ್ಟೆಯಾಕಾರ ಆಗುತ್ತದೆ, ಆಚೆ ಬದಿಯ ಚಕ್ರಗಳೂ ಇಣುಕುತ್ತವೆ, ಗಾಜು ಕತ್ತರಿಸುವಾಗ ತಲೆನೋವು. ನೀವೇ ಫೋಟೊ ತೆಗೆಯುವುದಾದರೆ ಕಾರಿನಿಂದ ಆದಷ್ಟು ದೂರ ನಿಂತು, ಚಕ್ರದ ಹಬ್‌ನ (ನಟ್ಟನಡುವಿನ ದುಂಡು ಭಾಗದ) ಎತ್ತರಕ್ಕೆ ಕ್ಯಾಮೆರಾ ಹಿಡಿದು, ಜೂಮ್ ಮಾಡಿ. ಹತ್ತಿರ ನಿಂತರೆ ಮಧ್ಯಭಾಗ ಉಬ್ಬಿದಂತೆ ಬರುತ್ತದೆ. ನಮ್ಮಲ್ಲಿ ಹಳೆ ಕಾರು ಕಣ್ಣಾರೆ ನೋಡಬೇಕೆಂದರೆ ಧರ್ಮಸ್ಥಳದ ಸಂಗ್ರಹಾಲಯಕ್ಕೆ ಒಮ್ಮೆ ಹೋಗಿಬನ್ನಿ. ಇಷ್ಟು ಹಳೆಯ ಮಾದರಿಯೇ ಬೇಕೆಂದಿಲ್ಲ. ಕಡ್ಡಿ ಚಕ್ರ, ಹಿತ್ತಾಳೆ ದೀಪ ಹತ್ತಿರದಿಂದ ಹೇಗೆ ಕಾಣುತ್ತವೆ ಅನ್ನುವುದು ಗೊತ್ತಿದ್ದರೆ ಕೈಗೆ ಧೈರ್ಯ ಬರುತ್ತದೆ.

ಯಾವ ವಿಧಾನ

ಗಾಜಿನ ತುಂಡುಗಳನ್ನು ಜೋಡಿಸಲು ಎರಡು ದಾರಿ. ಒಂದು, ಎರಡೂ ಕಡೆ ಕಾಲುವೆಯಿರುವ ಸೀಸದ ಪಟ್ಟಿಯೊಳಗೆ ಗಾಜು ತೂರಿಸುವುದು. ಹಳೆ ಚರ್ಚುಗಳ ಕಿಟಕಿಗಳೆಲ್ಲ ಹೀಗೇ ಆದವು. ಇನ್ನೊಂದು, ಪ್ರತಿ ತುಂಡಿನ ಅಂಚಿಗೂ ತಾಮ್ರದ ತೆಳು ಫಾಯಿಲ್ ಸುತ್ತಿ, ತುಂಡುಗಳನ್ನು ಒತ್ತಾಗಿ ಜೋಡಿಸಿ ಬೆಸುಗೆ ಹಾಕುವುದು. ಸೀಸದ ಪಟ್ಟಿ ದಪ್ಪ. ನಮ್ಮ ಕಾರಿನ ಚಕ್ರ ಅಂಗೈಯಷ್ಟೇ ಅಗಲ. ಅದಕ್ಕೆ ಫಾಯಿಲ್ ವಿಧಾನವೇ ಸರಿ. ತಾಮ್ರದ ಫಾಯಿಲ್ ಬಳಸುವ ವಿಧಾನಕ್ಕೆ ಬಾಸ್ಟನ್‌ನ ಸ್ಯಾನ್‌ಫೋರ್ಡ್ ಬ್ರೇ ಪೇಟೆಂಟ್ ಪಡೆದದ್ದು 1886ರಲ್ಲಿ. ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಜರ್ಮನಿಯಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದೂ ಅದೇ ವರ್ಷ. ಕಾಕತಾಳೀಯ ಅಷ್ಟೇ, ಆದರೂ ಈ ಕೆಲಸ ಮಾಡುವಾಗ ನೆನೆಸಿಕೊಂಡರೆ ಖುಷಿ.

ನಕ್ಷೆ

ಪ್ಯಾನೆಲ್ 18 ಇಂಚು ಅಗಲ, 13 ಇಂಚು ಎತ್ತರ ಇರಲಿ. ನಿಜವಾದ ಕಾರಿನಲ್ಲಿ ಮುಂದಿನ ಹಬ್‌ನಿಂದ ಹಿಂದಿನ ಹಬ್‌ಗೆ 66 ಇಂಚು. ಅದನ್ನು 10 ಇಂಚಿಗೆ ಇಳಿಸಿ. ಚಕ್ರ 28 ಇಂಚಿನದು, ಅದು ಸುಮಾರು 4¼ ಇಂಚಿಗೆ ಇಳಿಯುತ್ತದೆ. ಎರಡೂ ಚಕ್ರ ಸೇರಿ 14 ಇಂಚು ಚಿಲ್ಲರೆ. ಎರಡು ಬದಿಗೂ ಹತ್ತಿರ ಹತ್ತಿರ 2 ಇಂಚು ಜಾಗ ಉಳಿಯುತ್ತದೆ. ಫೋಟೊವನ್ನು ಇದೇ ಅಳತೆಗೆ ಪ್ರಿಂಟ್ ಮಾಡಿಸಿ, ಮೇಲೆ ಟ್ರೇಸಿಂಗ್ ಕಾಗದ ಹಾಸಿ ಗೆರೆ ಎಳೆಯಲು ಶುರು ಮಾಡಿ.

ಒಂದು ನಿಯಮ ಮರೆಯುವ ಹಾಗಿಲ್ಲ. ಗಾಜಿನಲ್ಲಿ ಯಾವ ಗೆರೆಯೂ ನಡುವೆ ನಿಲ್ಲುವಂತಿಲ್ಲ. ಇನ್ನೊಂದು ಗೆರೆಗೋ ಪ್ಯಾನೆಲ್‌ನ ಅಂಚಿಗೋ ಹೋಗಿ ಸೇರಲೇಬೇಕು. ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ ತಲೆಯೆತ್ತಿ ಗಾಜಿನ ನವಿಲುಗಳನ್ನು ನೋಡಿದವರು ಮುಂದಿನ ಸಲ ಬಣ್ಣ ಬಿಟ್ಟು ಬರೀ ಗೆರೆಗಳನ್ನು ನೋಡಿ. ಒಂದೊಂದು ಗೆರೆಯೂ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಅನ್ನುವುದನ್ನು ಕಣ್ಣಲ್ಲೇ ಹಿಂಬಾಲಿಸಿ. ಈ ನಿಯಮ ಅಲ್ಲೇ ಅರ್ಥವಾಗುತ್ತದೆ.

ಹಾಗಾದರೆ ಕಾರಿನ ಯಾವ ಗೆರೆ ಗಾಜಿನ ಸಂದಿ ಆಗಬೇಕು, ಯಾವುದು ಆಗಬಾರದು? ದೇಹ, ಸೀಟು, ಮುಂದಿನ ಹಲಗೆ, ಟೈರು ಇವೆಲ್ಲ ಗಾಜು. ಅವುಗಳ ಅಂಚು ಸಂದಿ. ಸ್ಟೀರಿಂಗ್ ಚಕ್ರದ ಬದಲು ಈ ಕಾರಿಗೆ ಬಾಗಿದ ಹಿಡಿಕೋಲು ಇದೆ. ಅದು ತೀರಾ ಸಣ್ಣ, ಗಾಜಿನಲ್ಲಿ ಕತ್ತರಿಸಲು ಹೋಗಬೇಡಿ. ತಾಮ್ರದ ತಂತಿ ಬಗ್ಗಿಸಿ ಮೇಲಿಂದ ಬೆಸೆಯಿರಿ. ತಂತಿಯ ಎರಡು ತುದಿಯೂ ಯಾವುದಾದರೂ ಸಂದಿಯ ಮೇಲೆ ಬೀಳುವ ಹಾಗೆ ನೋಡಿಕೊಂಡರಾಯಿತು. ಲೀಫ್ ಸ್ಪ್ರಿಂಗ್‌ಗೆ ಗಾಜು ಬೇಡ, ಒಂದು ಸಂದಿಯ ಗೆರೆಯೇ ಸ್ಪ್ರಿಂಗ್. ಅದನ್ನು ಸ್ವಲ್ಪ ಬಾಗಿಸಿ ಎಳೆಯಿರಿ.

ಇನ್ನು ಚಕ್ರ. ಈ ಇಡೀ ಕೆಲಸದ ಜೀವ ಇರುವುದು ಇಲ್ಲೇ. 12 ಕಡ್ಡಿಗಳ ಚಕ್ರ ಬೇಕು ಅಂತಿಟ್ಟುಕೊಳ್ಳಿ. 12 ಮೊನಚು ತುಂಡುಗಳನ್ನು ಕತ್ತರಿಸಿ ನಡುವೆ ಸೇರಿಸಲು ಹೋದರೆ, ಹಬ್‌ನ ಹತ್ತಿರ ಫಾಯಿಲ್ ಮೇಲೆ ಫಾಯಿಲ್ ಬಂದು ಗಾಜೇ ಕಾಣದೆ ಬೆಸುಗೆಯ ಗುಡ್ಡೆಯಾಗುತ್ತದೆ. ನಾನು ಹೇಳುವ ದಾರಿ ಹೀಗಿದೆ. ನಡುವೆ 20 ಮಿ.ಮೀ. ಅಗಲದ ದುಂಡು ಗಾಜು ಇಡಿ, ಅದು ಹಬ್. ಅದರ ಸುತ್ತ ನಾಲ್ಕೇ ತುಂಡು, ಒಂದೊಂದೂ ಕಾಲು ವೃತ್ತ. ಆ ನಾಲ್ಕು ಸಂದಿಗಳು ನಾಲ್ಕು ಕಡ್ಡಿಗಳಾದವು. ಉಳಿದ ಎಂಟನ್ನು ತಂತಿಯಲ್ಲಿ ಮಾಡಿ, ಪ್ರತಿ ಕಾಲು ವೃತ್ತದ ಮೇಲೆ ಎರಡೆರಡು. ಒಂದು ಕಡ್ಡಿಗೂ ಇನ್ನೊಂದಕ್ಕೂ 30 ಡಿಗ್ರಿ ಅಂತರ. ತಂತಿಯ ಒಂದು ತುದಿ ಹಬ್‌ನ ಸಂದಿಗೆ, ಇನ್ನೊಂದು ಟೈರಿನ ಸಂದಿಗೆ. ಬೆಳಕಿಗೆ ಎದುರಾಗಿ ಹಿಡಿದರೆ ಯಾವುದು ಸಂದಿ, ಯಾವುದು ತಂತಿ ಅಂತ ಗೊತ್ತೇ ಆಗುವುದಿಲ್ಲ. ಮುಂದಿನ ಚಕ್ರದ ಕಡ್ಡಿಗಳನ್ನು ಹಿಂದಿನದಕ್ಕಿಂತ ಒಂದಿಷ್ಟು ತಿರುಗಿಸಿ ಬರೆಯಿರಿ. ಎರಡೂ ಒಂದೇ ಥರ ಇದ್ದರೆ ಕಾರು ನಿಂತ ಹಾಗೆ ಕಾಣುತ್ತದೆ.

ಟೈರನ್ನು ಆರು ತುಂಡಾಗಿ ಒಡೆಯಿರಿ, ಅಗಲ 11 ಮಿ.ಮೀ. ಅರ್ಧ ವೃತ್ತದ ಪಟ್ಟಿಯನ್ನು ಒಂದೇ ತುಂಡಿನಲ್ಲಿ ಕತ್ತರಿಸುವ ಆಸೆ ಬೇಡ, ಒಳಬಾಗಿನಲ್ಲಿ ಮುರಿಯುತ್ತದೆ. ಟೈರಿನ ಹೊರಗಿನ ಹಿನ್ನೆಲೆ ಗಾಜಿಗೂ ಇದೇ ಮಾತು. ಚಕ್ರವನ್ನು ತಬ್ಬಿಕೊಂಡಿರುವ ಹಿನ್ನೆಲೆಯನ್ನು ನಾಲ್ಕೈದು ತುಂಡು ಮಾಡಿ. ಆಗ ಪ್ರತಿ ತುಂಡಿನ ಒಳಬಾಗು ಕಡಿಮೆಯಾಗುತ್ತದೆ. ಆ ಹಿನ್ನೆಲೆ ಗೆರೆಗಳು ಟೈರಿನ ಸಂದಿಗಳಿಗೇ ಬಂದು ತಾಗಿದರೆ ನೋಡಲು ಅಚ್ಚುಕಟ್ಟು.

ರಸ್ತೆಯ ಗೆರೆ ಎಳೆಯುವಾಗ ಹುಷಾರು. ಚಕ್ರದ ಅಡಿಗೆ ರಸ್ತೆ ಸುಮ್ನೆ ತಾಗುವ ಹಾಗೆ ಬರೆದರೆ, ತಾಗುವ ಜಾಗದ ಎರಡೂ ಬದಿಗೆ ಕೂದಲಿನಷ್ಟು ಸಣ್ಣ ಮೊನೆಯ ತುಂಡುಗಳು ಹುಟ್ಟುತ್ತವೆ. ಅವನ್ನು ಯಾರೂ ಕತ್ತರಿಸಲಾರರು. ರಸ್ತೆಯ ಗೆರೆಯನ್ನು ಚಕ್ರದ ಅಡಿಯಿಂದ 10 ಮಿ.ಮೀ. ಮೇಲಕ್ಕೆ ತನ್ನಿ. ಟೈರು ರಸ್ತೆಯ ಮೇಲೆ ಕೂತ ಹಾಗೂ ಕಾಣುತ್ತದೆ, ಮೊನೆಯೂ ತಪ್ಪುತ್ತದೆ. ಈ ಗೆರೆಯನ್ನು ಚಕ್ರಗಳು ನಡುನಡುವೆ ತಡೆಯುವುದರಿಂದ ಇನ್ನೊಂದು ಲಾಭವಿದೆ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ತಡೆಯಿಲ್ಲದೆ ಹೋಗುವ ನೇರ ಸಂದಿ ಇದ್ದರೆ ಪ್ಯಾನೆಲ್ ಆ ಗೆರೆಯಲ್ಲಿ ಮಡಚಿಕೊಳ್ಳುತ್ತದೆ. ಆಕಾಶದ ಭಾಗದಲ್ಲೂ ಅಂಥ ಗೆರೆ ಬಾರದಂತೆ ನೋಡಿಕೊಳ್ಳಿ.

ಗುಡ್ಡ, ಮರ, ಹಕ್ಕಿ ಏನೂ ಬೇಡ. ಚಾಲಕನೂ ಬೇಡ. ಮುಖ ಬೇಕೆಂದರೆ ಗಾಜಿನ ಮೇಲೆ ಬಣ್ಣ ಬರೆದು ಕುಲುಮೆಯಲ್ಲಿ 650 ಡಿಗ್ರಿ ಆಸುಪಾಸು ಸುಡಬೇಕು, ಅದು ಬೇರೆಯದೇ ಕಲಿಕೆ. ಇಷ್ಟು ಸರಳವಾಗಿಟ್ಟರೂ ಒಟ್ಟು 45ರಿಂದ 50 ತುಂಡು ಆಗುತ್ತವೆ.

ಗಾಜಿನ ಆಯ್ಕೆ

ಈ ಕಾರು ಸಾಮಾನ್ಯವಾಗಿ ಬರುತ್ತಿದ್ದದ್ದು ಕಪ್ಪು ಬಣ್ಣದಲ್ಲಿ, ಕೆಂಪು ಅಂಚಿನ ಜೊತೆ. ಗಾಜಿನಲ್ಲಿ ಅದನ್ನು ಹಾಗೇ ಅನುಸರಿಸಬೇಡಿ. ಕಪ್ಪು ಗಾಜು ಬೆಳಕು ಬಿಡುವುದಿಲ್ಲ. ಕಿಟಕಿಯಲ್ಲಿ ತೂಗುಹಾಕಿದರೆ ಕಾರಿನ ಜಾಗದಲ್ಲಿ ಒಂದು ತೂತು ಇದ್ದ ಹಾಗೆ ಕಾಣುತ್ತದೆ. ದೇಹಕ್ಕೆ ಗಾಢ ಕೆಂಪು ಪಾರದರ್ಶಕ ಗಾಜು, ಸೀಟಿಗೆ ಕಂದು ಅಥವಾ ಕಡು ನೇರಳೆ. ಕಪ್ಪನ್ನು ಗೆರೆಗಳು ನೋಡಿಕೊಳ್ಳುತ್ತವೆ. ಕೆಂಪು ಗಾಜು ಉಳಿದವಕ್ಕಿಂತ ದುಬಾರಿ, ಆದರೆ ನಮಗೆ ಒಂದು ಚದರ ಅಡಿ ಸಾಕು.

ಟೈರಿಗೂ ಕಪ್ಪು ಬೇಡ. ಇದು ಬರೀ ಅಂದದ ಮಾತಲ್ಲ. ಆ ಕಾಲದ ರಬ್ಬರಿಗೆ ಇನ್ನೂ ಕಾರ್ಬನ್ ಬ್ಲ್ಯಾಕ್ (ಮಸಿಯಂಥ ಕಪ್ಪು ಪುಡಿ) ಬೆರೆಸುತ್ತಿರಲಿಲ್ಲ. ಟೈರುಗಳು ಮಾಸಲು ಬಿಳಿ, ಬೂದು ಬಣ್ಣದಲ್ಲಿದ್ದವು. ಕಪ್ಪು ಟೈರು ಸಾಮಾನ್ಯವಾದದ್ದು 1910ರ ನಂತರ. ಹಾಲು ಬಿಳಿಯ ಓಪಲ್ ಗಾಜು ಬಳಸಿ. ಹಬ್‌ಗೂ ದೀಪಕ್ಕೂ ಜೇನು ಬಣ್ಣದ ದುಂಡು ಗಾಜು. ಕಡ್ಡಿಗಳ ಹಿಂದಿನ ಕಾಲು ವೃತ್ತಗಳಿಗೆ ಹಿನ್ನೆಲೆಯದೇ ಗಾಜು, ಆಗಲೇ ಚಕ್ರದ ಮೂಲಕ ಆಚೆ ಕಂಡ ಭಾವನೆ ಬರುತ್ತದೆ.

ಅಮೆರಿಕದ ಕೊಕೊಮೊ, ವಿಸ್ಮ್ಯಾಕ್, ಬುಲ್ಸ್‌ಐ ಕಂಪನಿಗಳ ಗಾಜು ಈ ಕೆಲಸಕ್ಕೆ ಹೆಸರಾದವು. ಕೊಕೊಮೊ ಗಾಜಿನ ಕಾರ್ಖಾನೆ 1888ರದು, ಊರಿನ ಹೆಸರೂ ಕೊಕೊಮೊ. ಎಲ್‌ವುಡ್ ಹೇನ್ಸ್ 1894ರ ಜುಲೈ 4ರಂದು ತನ್ನ ಮೊದಲ ಪೆಟ್ರೋಲ್ ಗಾಡಿಯನ್ನು ಓಡಿಸಿ ನೋಡಿದ್ದು ಇದೇ ಊರಿನಲ್ಲಿ. ಹಳೆ ಕಾರಿನ ಪ್ಯಾನೆಲ್‌ಗೆ ಇದಕ್ಕಿಂತ ಒಳ್ಳೆ ಊರಿನ ಗಾಜು ಬೇಕಾ!

ಎಲ್ಲ ಗಾಜನ್ನೂ ತರಿಸಿಕೊಳ್ಳಬೇಕಿಲ್ಲ. ಹಿನ್ನೆಲೆಗೆ ನಮ್ಮ ಊರಿನ ಗಾಜಿನ ಅಂಗಡಿಯಲ್ಲಿ ಸಿಗುವ, ಬಚ್ಚಲುಮನೆ ಕಿಟಕಿಗೆ ಹಾಕುವ ಬಣ್ಣವಿಲ್ಲದ ಡಿಸೈನ್ ಗಾಜು ಚೆನ್ನಾಗಿಯೇ ಹೊಂದುತ್ತದೆ. ದಪ್ಪ ಮಾತ್ರ ಕೇಳಿ ತಗೊಳ್ಳಿ. ಬಣ್ಣದ ಗಾಜು ಸುಮಾರು 3 ಮಿ.ಮೀ. ಇರುತ್ತದೆ, ಇದು 3.5 ಅಥವಾ 4 ಇರಬಹುದು. ದಪ್ಪ ಜಾಸ್ತಿಯಾದರೆ ಆ ತುಂಡುಗಳಿಗೆ ಅಗಲದ ಫಾಯಿಲ್ ಬೇಕು. ಟಫನ್ಡ್ ಗಾಜು ಅಂತ ಹೇಳಿ ಕೊಟ್ಟರೆ ಮಾತ್ರ ಬೇಡವೇ ಬೇಡ. ಕಟರ್ ಹಾಕಿದರೆ ಪುಡಿಪುಡಿ ಆಗುತ್ತದೆ. ಪ್ಯಾನೆಲ್ 1.6 ಚದರ ಅಡಿ. ಕತ್ತರಿಸುವಾಗ ಹಾಳಾಗುವುದನ್ನೂ ಸೇರಿಸಿ ಎಲ್ಲ ಬಣ್ಣ ಒಟ್ಟು ಅದರ ಎರಡರಷ್ಟು ಇರಲಿ.

ಸಾಮಾನು

ಎಣ್ಣೆ ತುಂಬಿಸುವ ಗ್ಲಾಸ್ ಕಟರ್, ಗೀರಿದ ಗೆರೆಯಲ್ಲಿ ಗಾಜು ಬಿಡಿಸುವ ಇಕ್ಕಳ, ಅಂಚು ಚಿವುಟುವ ಹಲ್ಲಿನ ಇಕ್ಕಳ, ಉಜ್ಜಲು ನೀರಿನ ಗ್ರೈಂಡರ್. ಗ್ರೈಂಡರ್‌ಗೆ ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಕಾರ್ಬೊರಂಡಮ್ ಕಲ್ಲನ್ನು ನೀರಲ್ಲಿ ಅದ್ದಿ ಉಜ್ಜಬಹುದು, ಕೈ ನೋಯುತ್ತದೆ ಅಷ್ಟೆ. 7/32 ಇಂಚಿನ ಫಾಯಿಲ್ ಒಂದು ಸುರುಳಿ, ಚಕ್ರಕ್ಕಾಗಿ 3/16ರದು ಇನ್ನೊಂದು. ಹಿಂಬದಿ ಕಪ್ಪಗಿರುವ ಫಾಯಿಲ್ ಕೇಳಿ. ಪಾರದರ್ಶಕ ಗಾಜಿನ ಅಂಚಿನಲ್ಲಿ ಫಾಯಿಲ್‌ನ ಒಳಬದಿ ಕಾಣುತ್ತದೆ. ಕಪ್ಪು ಗೆರೆಯ ಒಳಗೆ ತಾಮ್ರದ ಬಣ್ಣ ಮಿಂಚಿದರೆ ಚೆನ್ನಾಗಿರಲ್ಲ.

ಬೆಸುಗೆಗೆ 60 ಪಾಲು ತವರ, 40 ಪಾಲು ಸೀಸದ ತಂತಿ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವುದರ ಒಳಗೆ ರಾಳ ತುಂಬಿರುತ್ತದೆ. ಅದು ಗಾಜಿನ ಮೇಲೆಲ್ಲ ಅಂಟಂಟಾಗಿ ಹರಡುತ್ತದೆ. ಒಳಗೆ ಏನೂ ಇಲ್ಲದ ಗಟ್ಟಿ ತಂತಿಯೇ ಬೇಕು. 80ರಿಂದ 100 ವಾಟ್‌ನ ಸೋಲ್ಡರಿಂಗ್ ಐರನ್, ತುದಿ ಉಳಿಯಂತೆ ಚಪ್ಪಟೆ. ರೇಡಿಯೊ ರಿಪೇರಿಯ 25 ವಾಟ್‌ನದು ಇದಕ್ಕೆ ಸಾಲದು. ಜೊತೆಗೆ ತಾಮ್ರಕ್ಕೆ ಬೆಸುಗೆ ಹಿಡಿಯಲು ಸವರುವ ಫ್ಲಕ್ಸ್, ಬ್ರಶ್ಶು, ಬೆಸುಗೆಯ ಗೆರೆಗೆ ಬಣ್ಣ ಕೊಡುವ ಕಪ್ಪು ಪಟೀನಾ ದ್ರಾವಣ.

ಕಡ್ಡಿಗೆ 1.2ರಿಂದ 1.5 ಮಿ.ಮೀ. ದಪ್ಪದ ಒಂಟಿ ಎಳೆ ತಾಮ್ರದ ತಂತಿ. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಅದರ ಮೇಲೆ ಎನಾಮಲ್ ಲೇಪ ಇರುತ್ತದೆ. ಉಪ್ಪುಕಾಗದದಿಂದ ಪೂರ್ತಿ ಉಜ್ಜಿ ತೆಗೆಯದಿದ್ದರೆ ಬೆಸುಗೆ ಹಿಡಿಯುವುದೇ ಇಲ್ಲ.

ಸೀಸದ ವಿಷಯ ತಮಾಷೆಯಲ್ಲ. ಕೆಲಸದ ಮೇಜಿನಲ್ಲಿ ತಿಂಡಿ, ಕಾಫಿ ಇಡಬೇಡಿ. ಎದ್ದ ಕೂಡಲೇ ಸೋಪು ಹಾಕಿ ಕೈ ತೊಳೆಯಿರಿ. ಗರ್ಭಿಣಿಯರು, ಮಕ್ಕಳು ಈ ಕೆಲಸದಿಂದ ದೂರ ಇರಲಿ. ಅಡುಗೆಮನೆಯಲ್ಲಂತೂ ಬೇಡ. ಫ್ಲಕ್ಸ್ ಹೊಗೆ ಮೂಗಿಗೆ ಬಡಿಯದಂತೆ ಕಿಟಕಿ ತೆರೆದು, ಫ್ಯಾನನ್ನು ಹೊಗೆ ಹೊರಗೆ ಹೋಗುವ ದಿಕ್ಕಿಗೆ ಇಡಿ. ಕತ್ತರಿಸುವಾಗ, ಉಜ್ಜುವಾಗ ಕನ್ನಡಕ ಕಡ್ಡಾಯ. ಮೇಜು ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಕತ್ತರಿಸುವುದು

ನಕ್ಷೆಯ ಎರಡು ಪ್ರತಿ ಬೇಕು. ಎರಡರಲ್ಲೂ ಒಂದೇ ಥರ ನಂಬರ್ ಹಾಕಿ. ಗಾಜಿನ ಎಳೆ ಯಾವ ದಿಕ್ಕಿಗೆ ಅಂತ ಬಾಣ ಗುರುತೂ ಹಾಕಿ, ಆಕಾಶದ ಎಳೆ ಅಡ್ಡಡ್ಡ ಹರಿದರೆ ಚೆಂದ. ಒಂದು ಪ್ರತಿ ಮೇಜಿನ ಮೇಲೆ ಹಾಗೇ ಇರುತ್ತದೆ. ಇನ್ನೊಂದನ್ನು ದಪ್ಪ ಕಾಗದಕ್ಕೆ ಅಂಟಿಸಿ ತುಂಡು ತುಂಡಾಗಿ ಕತ್ತರಿಸಿ. ಫಾಯಿಲ್‌ನ ದಪ್ಪಕ್ಕೆ ಜಾಗ ಬೇಕಲ್ವಾ, ಅದಕ್ಕೆ ಮೂರು ಅಲಗಿನ ವಿಶೇಷ ಕತ್ತರಿ ಬರುತ್ತದೆ. ಅದು ಗೆರೆಯ ಜಾಗದಲ್ಲಿ ಸಣ್ಣ ಎಳೆಯೊಂದನ್ನು ಕತ್ತರಿಸಿ ಬಿಸಾಡುತ್ತದೆ. ಅದಿಲ್ಲದಿದ್ದರೆ ಗೆರೆಯ ಒಳಬದಿಯಲ್ಲೇ ಬ್ಲೇಡ್ ಓಡಿಸಿ. ಕಾಗದದ ತುಂಡನ್ನು ಗಾಜಿಗೆ ಅಂಟಿಸಿ ಮೇಲೆ ಪ್ಯಾಕಿಂಗ್ ಟೇಪ್ ಹಾಕಿದರೆ ಗ್ರೈಂಡರ್ ನೀರಿಗೆ ಕಿತ್ತು ಬರುವುದಿಲ್ಲ.

ಗೀರುವುದು ಒಂದೇ ಸಲ. ಅಂಚಿನಿಂದ ಅಂಚಿಗೆ, ನಡುವೆ ಎತ್ತದೆ. ಅದೇ ಗೀರಿನ ಮೇಲೆ ಮತ್ತೆ ಕಟರ್ ಓಡಿಸಿದರೆ ಕಟರ್ ಚಕ್ರವೂ ಹಾಳು, ಗಾಜೂ ಅಡ್ಡಾದಿಡ್ಡಿ. ಒತ್ತಡ ಸರಿಯಿದ್ದರೆ ಸಣ್ಣಗೆ ಸರ್ ಅನ್ನುವ ಸದ್ದು ಒಂದೇ ಸಮ ಬರುತ್ತದೆ, ಗೀರು ಕಂಡೂ ಕಾಣದ ಹಾಗಿರುತ್ತದೆ. ಬಿಳಿ ಪುಡಿ ಎದ್ದರೆ ನೀವು ಜಾಸ್ತಿ ಒತ್ತುತ್ತಿದ್ದೀರಿ. ಬಣ್ಣದ ಗಾಜಿಗೆ ಕೈ ಹಾಕುವ ಮೊದಲು ಸಾದಾ ಕಿಟಕಿ ಗಾಜಿನ ಚೂರುಗಳ ಮೇಲೆ ಈ ಸದ್ದು ಕಿವಿಗೆ ಪಳಗಲಿ.

ಕಷ್ಟದ ಅಂಚನ್ನು ಮೊದಲು ತೆಗೆಯಿರಿ. ಟೈರಿನ ತುಂಡು ತಗೊಳ್ಳಿ. ಸುತ್ತ ಧಾರಾಳ ಗಾಜು ಇರುವಾಗಲೇ ಒಳಬಾಗನ್ನು ಗೀರಿ. ಒಂದೇ ಏಟಿಗೆ ಬಿಡಿಸಬೇಡಿ. ಆ ಬಾಗಿನ ಒಳಗೆ ಉಗುರಿನಾಕಾರದ ಮೂರ್ನಾಲ್ಕು ಗೀರು ಹಾಕಿ, ಹೊರಗಿನಿಂದ ಒಂದೊಂದೇ ಚೂರನ್ನು ಹಲ್ಲಿನ ಇಕ್ಕಳದಿಂದ ಎಳೆದು ತೆಗೆಯುತ್ತಾ ಗೆರೆಗೆ ಬನ್ನಿ. ಆಮೇಲೆ ಹೊರಬಾಗು. ಎರಡು ತುದಿಗಳು ಕೊನೆಗೆ. ಈ ಕ್ರಮ ತಿರುಗಿಸಿದರೆ 11 ಮಿ.ಮೀ. ಪಟ್ಟಿ ಕೈಯಲ್ಲೇ ಎರಡಾಗುತ್ತದೆ. ಮುಂದಿನ ಹಲಗೆಯ ಸುರುಳಿಗೂ ಹೀಗೇ, ಅದನ್ನು ಎರಡು ತುಂಡು ಮಾಡಿ. ಸಂದಿಯನ್ನು ಬಾಗು ಜಾಸ್ತಿ ಇರುವ ಜಾಗದಲ್ಲೇ ಇಡಿ.

ಮೊದಲು ಎರಡು ಚಕ್ರಗಳನ್ನು ಪೂರ್ತಿ ಕತ್ತರಿಸಿ, ಉಜ್ಜಿ, ನಕ್ಷೆಯ ಮೇಲೆ ಕೂರಿಸಿ ನೋಡಿ. ಪ್ರತಿ ಸಂದಿಗೂ ಕೂದಲೆಳೆಯಷ್ಟು ಹೆಚ್ಚಾದರೂ ಆರು ತುಂಡು ಸೇರುವಾಗ ವೃತ್ತ ಊದಿಕೊಳ್ಳುತ್ತದೆ. ಚಕ್ರ ನಕ್ಷೆಯ ಗೆರೆಯೊಳಗೆ ಕೂತ ಮೇಲೆ ದೇಹ, ಆಮೇಲೆ ಹಿನ್ನೆಲೆ. ಹಿನ್ನೆಲೆಯಲ್ಲಿ ಅಲ್ಪಸ್ವಲ್ಪ ಸರಿಹೊಂದಿಸಬಹುದು, ಚಕ್ರದಲ್ಲಿ ಆಗಲ್ಲ. ಪ್ಲೈವುಡ್ ಹಲಗೆಯ ಮೇಲೆ ನಕ್ಷೆ ಹಾಸಿ, ಎರಡು ಬದಿಗೆ ಮರದ ರೀಪು ಮೊಳೆ ಹೊಡೆದು ನೇರ ಕೋನ ಮಾಡಿಕೊಂಡರೆ ತುಂಡುಗಳು ಜಾರುವುದಿಲ್ಲ.

ಫಾಯಿಲ್ ಮತ್ತು ಬೆಸುಗೆ

ಗಾಜು ತೊಳೆದು ಒಣಗಿಸಿ. ಎಣ್ಣೆ ಪಸೆ ಇದ್ದರೆ ಫಾಯಿಲ್ ಅಂಟುವುದಿಲ್ಲ. ಗಾಜಿನ ಅಂಚು ಫಾಯಿಲ್‌ನ ಸರಿಯಾಗಿ ನಡುವೆ ಬರಬೇಕು. 3 ಮಿ.ಮೀ. ಗಾಜಿಗೆ 7/32ರ ಫಾಯಿಲ್ ಹಾಕಿದರೆ ಎರಡೂ ಬದಿಗೆ 1.3 ಮಿ.ಮೀ. ಮಡಚಿಕೊಳ್ಳುತ್ತದೆ. 3/16ರದಾದರೆ 0.9. ಚಕ್ರದ ಕಾಲು ವೃತ್ತಗಳಿಗೆ ಈ ಸಣ್ಣದು ಏಕೆಂದರೆ ಸಂದಿಯ ಕಡ್ಡಿ ತಂತಿಯ ಕಡ್ಡಿಗಿಂತ ತೀರಾ ದಪ್ಪ ಕಾಣಬಾರದು. ಸುತ್ತಿದ ಮೇಲೆ ಪೆನ್ಸಿಲಿನ ಪಕ್ಕದಿಂದ ಒತ್ತಿ ಉಜ್ಜಿ. ಒಳಬಾಗಿನಲ್ಲಿ ಫಾಯಿಲ್ ಹರಿದರೆ ಸಣ್ಣ ಚೂರು ಮೇಲೆ ಹಚ್ಚಿ.

ಫ್ಲಕ್ಸ್ ಸವರಿ, ಮೊದಲು ಸಂದಿ ಸೇರುವ ಕಡೆ ಎಲ್ಲ ಚುಕ್ಕೆ ಬೆಸುಗೆ ಹಾಕಿ. ತುಂಡುಗಳು ಅಲುಗಾಡದಂತಾದವು. ಮುಂದೆ ತೆಳುವಾಗಿ ಎಲ್ಲ ಫಾಯಿಲ್‌ಗೂ ಒಂದು ಸುತ್ತು. ತಾಮ್ರದ ಪಾತ್ರೆಗೆ ಕಲಾಯಿ ಹಾಕುತ್ತಾರಲ್ಲ, ಅದೇ ಕೆಲಸ. ತಾಮ್ರ ಎಲ್ಲೂ ಕಾಣಬಾರದು. ಮೂರನೆಯ ಸುತ್ತಿನಲ್ಲಿ ಗೆರೆ ಉಬ್ಬಬೇಕು. ಐರನ್ ತುದಿಯನ್ನು ಸಂದಿಯ ಮೇಲೆ ನಿಧಾನವಾಗಿ, ಒಂದೇ ವೇಗದಲ್ಲಿ ಎಳೆಯುತ್ತಾ ಬೆಸುಗೆ ತಂತಿ ಕೊಡುತ್ತಾ ಹೋಗಿ. ಒಂದೇ ಜಾಗದಲ್ಲಿ ನಿಂತರೆ ಗಾಜು ಬಿಸಿಗೆ ಬಿರಿಯುತ್ತದೆ. ಹಬ್‌ನಂಥ ಸಣ್ಣ ತುಂಡುಗಳ ಸುತ್ತ ನಾಲ್ಕು ಸಂದಿ ಸೇರುವುದರಿಂದ ಬಿಸಿ ಬೇಗ ಕೂಡುತ್ತದೆ. ಅಲ್ಲಿ ಸ್ವಲ್ಪ ಮಾಡಿ ಬೇರೆ ಕಡೆ ಹೋಗಿ, ಆರಿದ ಮೇಲೆ ಮತ್ತೆ ಬನ್ನಿ. ಬೆಸುಗೆ ಸಂದಿಯ ಮೂಲಕ ಕೆಳಗೆ ಸೋರಿದರೆ ಗಾಬರಿ ಬೇಡ, ಪ್ಯಾನೆಲ್ ತಿರುಗಿಸಿದಾಗ ಅದನ್ನೇ ಕರಗಿಸಿ ಹಿಂಬದಿಯ ಗೆರೆ ಮಾಡಬಹುದು.

ಕಡ್ಡಿಗಳು

ಎರಡೂ ಬದಿ ಉಬ್ಬು ಗೆರೆ ಮುಗಿದ ಮೇಲೆ ತಂತಿ. ಅದಕ್ಕೂ ಮೊದಲು ಚಕ್ರದ ಗಾಜನ್ನು ಚೆನ್ನಾಗಿ ಒರೆಸಿ. ತಂತಿ ಕೂತ ಮೇಲೆ ಅದರ ಹಿಂದೆ ಬೆರಳು ಹೋಗುವುದಿಲ್ಲ.

ಸುರುಳಿಯಿಂದ ತೆಗೆದ ತಂತಿ ಎಷ್ಟು ನೀವಿದರೂ ನೆಟ್ಟಗಾಗುವುದಿಲ್ಲ. ಒಂದು ತುದಿಯನ್ನು ವೈಸ್‌ನಲ್ಲಿ ಬಿಗಿದು, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು ಜೋರಾಗಿ ಎಳೆಯಿರಿ. ತಂತಿ ಒಂದು ಚೂರು ಹಿಗ್ಗಿದ್ದು ಕೈಗೆ ಗೊತ್ತಾಗುತ್ತದೆ. ಬಿಟ್ಟ ಮೇಲೆ ಅದು ಗೆರೆ ಎಳೆದ ಹಾಗೆ ನೆಟ್ಟಗೆ ಉಳಿಯುತ್ತದೆ. ಇಡೀ ತಂತಿಗೆ ಫ್ಲಕ್ಸ್ ಸವರಿ ಕಲಾಯಿ ಹಾಕಿ, ಆಮೇಲೆ ತುಂಡು ಮಾಡಿ. ಪ್ರತಿ ತುಂಡಿನ ಉದ್ದ ಹಬ್‌ನ ಗೆರೆಯ ನಡುವಿನಿಂದ ಟೈರಿನ ಗೆರೆಯ ನಡುವಿಗೆ, ಸುಮಾರು 33 ಮಿ.ಮೀ. ಆದರೂ ಒಂದೊಂದನ್ನೂ ಇಟ್ಟು ನೋಡಿಯೇ ಕತ್ತರಿಸಿ. ನಕ್ಷೆಯ ಮೇಲೆ ಪ್ಯಾನೆಲ್ ಇಟ್ಟರೆ ಕೆಳಗಿನ ಗೆರೆ ಗಾಜಿನಲ್ಲಿ ಕಾಣುತ್ತದೆ, ತಂತಿಯನ್ನು ಅದರ ಮೇಲೆ ಹೊಂದಿಸಿ. ಐಸ್‌ಕ್ರೀಮ್ ಕಡ್ಡಿಯಿಂದ ತಂತಿಯ ನಡುವನ್ನು ಗಾಜಿಗೆ ಒತ್ತಿ ಹಿಡಿದು, ಹಬ್ ಕಡೆಯ ತುದಿಗೆ ಐರನ್ ಮುಟ್ಟಿಸಿ ತೆಗೆಯಿರಿ. ಕೆಳಗಿನ ಬೆಸುಗೆ ಕರಗಿ ತುದಿಯನ್ನು ನುಂಗುತ್ತದೆ. ಆರಿದ ಮೇಲೆ ಇನ್ನೊಂದು ತುದಿ. ಹಿಂಬದಿಗೆ ತಂತಿ ಬೇಕಿಲ್ಲ, ಬೆಳಕಿಗೆ ಹಿಡಿದಾಗ ನೆರಳು ಒಂದೇ. ಹಿಡಿಕೋಲನ್ನೂ ಇದೇ ಹೊತ್ತಿಗೆ ಬಗ್ಗಿಸಿ ಕೂರಿಸಿ.

ಚೌಕಟ್ಟು, ಬಣ್ಣ, ತೂಗು

ಸುತ್ತ ಸತು ಅಥವಾ ಹಿತ್ತಾಳೆಯ ಯು ಆಕಾರದ ಪಟ್ಟಿ ಹಾಕಿ. ಅಲ್ಯುಮಿನಿಯಂ ಅಗ್ಗ, ಆದರೆ ಈ ಬೆಸುಗೆ ಅದಕ್ಕೆ ಹಿಡಿಯುವುದಿಲ್ಲ. ಮೂಲೆಗಳನ್ನೂ, ಪ್ರತಿ ಸಂದಿ ಪಟ್ಟಿಗೆ ಬಂದು ತಾಗುವ ಜಾಗವನ್ನೂ ಬೆಸೆಯಿರಿ. ಬರೀ ಗಾಜೇ 1.1 ಕೆ.ಜಿ. ಇದೆ, ಬೆಸುಗೆ ಮತ್ತು ಚೌಕಟ್ಟು ಸೇರಿದರೆ 2 ಕೆ.ಜಿ. ಹತ್ತಿರ. ಕೊಕ್ಕೆಯನ್ನು ಚೌಕಟ್ಟಿಗೇ ಬೆಸೆಯಬೇಕು. ಬರೀ ಫಾಯಿಲ್‌ಗೆ ಬೆಸೆದರೆ ಒಂದು ದಿನ ಫಾಯಿಲ್ ಸಮೇತ ಕಿತ್ತು ಬರುತ್ತದೆ.

ಅದೇ ದಿನ ಪಾತ್ರೆ ತೊಳೆಯುವ ಸೋಪಿನಲ್ಲಿ ಫ್ಲಕ್ಸ್ ಪೂರ್ತಿ ತೊಳೆಯಿರಿ. ಪಟೀನಾವನ್ನೂ ಅವತ್ತೇ ಹಚ್ಚುವುದು ಒಳ್ಳೆಯದು, ಬಿಟ್ಟಷ್ಟೂ ಬೆಸುಗೆ ಮಂಕಾಗಿ ಬಣ್ಣ ಸಮ ಬರುವುದಿಲ್ಲ. ದೀಪದ ಸುತ್ತ, ಹಬ್‌ನ ಸುತ್ತ, ಹಿಡಿಕೋಲಿಗೆ ತಾಮ್ರದ ಬಣ್ಣದ ಪಟೀನಾ ಹಚ್ಚಿದರೆ ಕಾರಿಗೆ ಕಳೆ ಬರುತ್ತದೆ. ಆ ದ್ರಾವಣ ಮುಖ್ಯವಾಗಿ ಮೈಲುತುತ್ತವೇ, ಅಡಿಕೆ ತೋಟದವರಿಗೆ ಪರಿಚಯದ ವಸ್ತು. ಕಿವಿಗೆ ಹಾಕುವ ಹತ್ತಿಕಡ್ಡಿಯಲ್ಲಿ ಬೇಕಾದ ಗೆರೆಗೆ ಮಾತ್ರ ಮೊದಲು ಇದನ್ನು ಹಚ್ಚಿ ತೊಳೆಯಿರಿ. ನಂತರ ಉಳಿದೆಲ್ಲಕ್ಕೂ ಕಪ್ಪು. ಕಪ್ಪು ಪಟೀನಾದಲ್ಲಿ ಸೆಲೆನಿಯಂ ಇರುತ್ತದೆ, ವಿಷ. ಕೈಗವಸು ಹಾಕದೆ ಮುಟ್ಟಬೇಡಿ.

ಕೊನೆಗೆ ವ್ಯಾಕ್ಸ್. ಕಾರಿಗೆ ಹಚ್ಚುವ ಕಾರ್ನೌಬಾ ವ್ಯಾಕ್ಸನ್ನೇ ತನ್ನಿ, ಗಾಜಿನ ಕೆಲಸದವರೂ ಅದನ್ನೇ ಬಳಸುತ್ತಾರೆ. ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಉಜ್ಜಿ. ಕಡ್ಡಿಗಳ ಮೂಲೆಯಲ್ಲಿ ಉಳಿದದ್ದನ್ನು ಹಳೆ ಟೂತ್‌ಬ್ರಶ್‌ನಿಂದ ತೆಗೆಯಿರಿ. ಮಳೆ ನೀರು ಬೀಳದ, ಒಳಗಿನ ಕಿಟಕಿಗೆ ತೂಗುಹಾಕಿ. ಕೆಲವು ವಾರಗಳ ನಂತರ ಗೆರೆಗಳ ಮೇಲೆ ಬಿಳಿ ಪುಡಿ ಕಂಡರೆ ಫ್ಲಕ್ಸ್ ಎಲ್ಲೋ ಉಳಿದಿದೆ ಅಂತ ಅರ್ಥ. ಆ ಪುಡಿಯಲ್ಲಿ ಸೀಸವೂ ಇರಬಹುದು, ಒಣಗಿದ್ದಾಗ ಉಜ್ಜಬೇಡಿ. ಪ್ಯಾನೆಲ್ ಇಳಿಸಿ, ಕೈಗವಸು ಹಾಕಿಕೊಂಡು, ಸ್ವಲ್ಪ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ ಮತ್ತೊಂದು ಸಲ ವ್ಯಾಕ್ಸ್ ಹಚ್ಚಿ.